ಅಣ್ಣನ ಹೆಸರಿನ ಪ್ಲಾಟಿನಂ ಕಾರ್ಡ್

ಈ ಪ್ರಕರಣದಲ್ಲಿ ಕೈತಪ್ಪಿದ್ದು ಹತ್ತು ಲಕ್ಷ ರೂಪಾಯಿ. ಕಾರಣ ಒಂದೇ ಮಾತಿನದು: ಕಾರ್ಡ್ ಇದ್ದದ್ದು ಅಣ್ಣನ ಹೆಸರಿನಲ್ಲಿ, ರಸ್ತೆಯ ಮೇಲೆ ಇದ್ದವನು ತಮ್ಮ. ಇದೇ ತಪ್ಪು ಈ ಹೊತ್ತಿಗೂ ನಮ್ಮ ಭಾಗದ ಎಷ್ಟೋ ಅಂಗಡಿಗಳ ಗಲ್ಲಾಪೆಟ್ಟಿಗೆಯಲ್ಲಿ ಸುಮ್ಮನೆ ಕೂತಿದೆ ಎಂದು ನನಗೆ ಗೊತ್ತಿರುವುದರಿಂದ ಉಳಿದದ್ದನ್ನೂ ಬರೆಯುತ್ತಿದ್ದೇನೆ.

ಕೊರೊನಾ ಮುಗಿದು ಮಾರುಕಟ್ಟೆ ಮತ್ತೆ ಚೇತರಿಸಿಕೊಂಡ ವರ್ಷ ಅದು. ಬಾಗಲಕೋಟೆಯ ನವನಗರದಲ್ಲಿ ನಾನು ಒಂದು ಖಾಸಗಿ ಬ್ಯಾಂಕಿನ ಕ್ರೆಡಿಟ್ ಕಾರ್ಡ್ ಏಜೆನ್ಸಿ ನಡೆಸುತ್ತಿದ್ದೆ. ಒಂದು ಮೇಜು, ಎರಡು ಕುರ್ಚಿ, ನೀಲಿ ಬೋರ್ಡ್. ಕಾರ್ಡ್ ಮಾಡಿಸುವುದು, ಬಿಲ್ಲಿನ ತಕರಾರು ಬಿಡಿಸುವುದು, ಕಳೆದ ಕಾರ್ಡ್ ಬಂದ್ ಮಾಡಿಸುವುದು ನನ್ನ ಕೆಲಸ. ಊರು ಕೆರೂರ. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಸಂತೆಯಲ್ಲಿ ಬಳೆ ಮಾರಿದವಳು ನಾನು. ಗಿರಾಕಿಯ ಬಾಯಿಂದಲೇ ಮೊದಲು ದರ ಹೇಳಿಸಬೇಕು ಎಂಬುದನ್ನು ಅಲ್ಲೇ ಕಲಿತೆ. ಬ್ಯಾಂಕಿನ ತರಬೇತಿಯಲ್ಲಿ ಅದಕ್ಕಿಂತ ದೊಡ್ಡದೇನನ್ನೂ ಹೇಳಿಕೊಡಲಿಲ್ಲ.

ಮೊದಲು ಕಾರ್ಡಿನ ದರ್ಜೆಗಳ ವಿಷಯ ಹೇಳಿಬಿಡುತ್ತೇನೆ. ಕೆಳಗಿನದು ಕ್ಲಾಸಿಕ್, ಅದರ ಮೇಲೆ ಗೋಲ್ಡ್, ಅದರ ಮೇಲೆ ಪ್ಲಾಟಿನಂ, ಇನ್ನೂ ಮೇಲೆ ಸಿಗ್ನೇಚರ್ ಮುಂತಾದವು. ಮೇಲಕ್ಕೆ ಹೋದಂತೆ ವಾರ್ಷಿಕ ಶುಲ್ಕ ಏರುತ್ತದೆ, ಸೌಲಭ್ಯಗಳ ಪಟ್ಟಿಯೂ ಉದ್ದವಾಗುತ್ತದೆ. ಖರೀದಿಗೆ ರಿವಾರ್ಡ್ ಪಾಯಿಂಟ್, ಪೆಟ್ರೋಲಿನ ಸರ್‌ಚಾರ್ಜ್ ಮಾಫಿ, ವಿಮಾನ ನಿಲ್ದಾಣದ ಲೌಂಜಿನಲ್ಲಿ ಪುಕ್ಕಟೆ ಊಟ. ನಮ್ಮ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಆದರೂ ಪುಕ್ಕಟೆ ಊಟದ ಮಾತು ಕೇಳಿ ಕಾರ್ಡ್ ಮಾಡಿಸಿದವರನ್ನು ನಾನು ಬಹಳ ನೋಡಿದ್ದೇನೆ. ಪಟ್ಟಿಯ ಕೊನೆಯಲ್ಲಿ, ಯಾರೂ ಓದದ ಜಾಗದಲ್ಲಿ, ಅಪಘಾತ ವಿಮೆ ಇರುತ್ತದೆ. ಕಾರ್ಡುದಾರ ಅಪಘಾತದಲ್ಲಿ ತೀರಿಕೊಂಡರೆ ಮನೆಯವರಿಗೆ ಇಂತಿಷ್ಟು ಹಣ. ಆ ಬ್ಯಾಂಕಿನ ಪ್ಲಾಟಿನಂ ಕಾರ್ಡಿಗೆ ಅದು ಹತ್ತು ಲಕ್ಷ.

ಇಳಕಲ್ಲಿನ ಸೀರೆ ವ್ಯಾಪಾರಿ ಸಂಗಪ್ಪ ಅಂಥ ಕಾರ್ಡುದಾರ. ಅದನ್ನು ನಾನು ಮಾರಿದ್ದಲ್ಲ. ಅವರ ಹಳೆಯ ಗೋಲ್ಡ್ ಕಾರ್ಡನ್ನು ಬ್ಯಾಂಕಿನವರೇ ಫೋನ್ ಮಾಡಿ ಪ್ಲಾಟಿನಂಗೆ ಏರಿಸಿದ್ದರು. ಜೊತೆಗೆ ಒಂದು ಆಡ್-ಆನ್ ಕಾರ್ಡ್ ಕೊಟ್ಟಿದ್ದರು. ಖಾತೆ ಒಬ್ಬರದೇ ಆಗಿದ್ದು, ಅದೇ ಖಾತೆಯ ಮೇಲೆ ಮನೆಯ ಇನ್ನೊಬ್ಬರು ಬಳಸುವ ಕಾರ್ಡಿಗೆ ಹಾಗೆನ್ನುತ್ತಾರೆ. ಅದು ತಮ್ಮ ಈರಣ್ಣನ ಕಿಸೆಯಲ್ಲಿತ್ತು. ಅಂಗಡಿಯಲ್ಲಿ ಗಾದಿಯ ಮೇಲೆ ಕೂರುವವರು ಅಣ್ಣ. ಸೀರೆ ಗಂಟು ಕಟ್ಟಿಕೊಂಡು ಹುನಗುಂದ, ಅಮೀನಗಡ, ಬದಾಮಿ, ಕೆರೂರ ಎಂದು ವಾರವಿಡೀ ಬೈಕಿನಲ್ಲಿ ತಿರುಗುವವನು ತಮ್ಮ. ತಂದೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಎಲ್ಲವೂ ಹಿರಿಯನ ಹೆಸರಿಗೆ ಬಂದಿತ್ತು: ಅಂಗಡಿಯ ಪರವಾನಗಿ, ಗ್ಯಾಸು, ಬೈಕು, ಕಾರ್ಡು. ಯಾರೂ ಕಸಿದುಕೊಂಡದ್ದಲ್ಲ. ಇನ್ನೊಂದು ಹೆಸರು ಬರೆಸಬೇಕೆಂದು ಯಾರಿಗೂ ಅನಿಸಿರಲಿಲ್ಲ, ಅಷ್ಟೇ.

ಕಬ್ಬಿನ ಹಂಗಾಮಿನಲ್ಲಿ ಒಂದು ಸಂಜೆ ಈರಣ್ಣ ಬದಾಮಿಯಿಂದ ಹಿಂದಿರುಗುತ್ತಿದ್ದ. ಅಮೀನಗಡದಲ್ಲಿ ಪೆಟ್ರೋಲ್ ಹಾಕಿಸಿದ. ಹುನಗುಂದಕ್ಕೆ ಇನ್ನು ಸ್ವಲ್ಪ ದೂರವಿರುವಾಗ, ಹಿಂಬದಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರಿಗೆ ಬೈಕು ಬಡಿಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಮನೆಯಲ್ಲಿ ಹೆಂಡತಿ ಗಿರಿಜಾ, ಏಳು ವರ್ಷದ ಮಗಳು.

ಹದಿನೈದು ದಿನ ಕಳೆದ ಮೇಲೆ ಸಂಗಪ್ಪನವರ ಫೋನ್ ಬಂತು. ಕಾರ್ಡಿನ ವಿಮೆಯ ವಿಷಯ ಯಾರೋ ನೆಂಟರು ನೆನಪಿಸಿದ್ದರಂತೆ. ದಿನಕರ್ಮದಂದು ಎಲ್ಲರೂ ಕೂಡಿದಾಗ ಅವರು ಎದ್ದು ನಿಂತು, ಆ ಹತ್ತು ಲಕ್ಷ ಬಂದ ದಿನ ಪೂರಾ ಗಿರಿಜಾಳ ಹೆಸರಿಗೆ ಹಾಕುತ್ತೇನೆ, ಅವಳು ಯಾರ ಮುಂದೆಯೂ ಕೈಚಾಚುವುದು ಬೇಡ ಎಂದು ಮಾತು ಕೊಟ್ಟಿದ್ದರು. ಹಾಗಾಗದಿದ್ದರೆ ಮಗಳನ್ನು, ಮೊಮ್ಮಗಳನ್ನು ಐಹೊಳೆಗೆ ಕರೆದುಕೊಂಡು ಹೋಗುತ್ತೇನೆ ಎಂದು ಗಿರಿಜಾಳ ತಂದೆ ಅದೇ ಸಭೆಯಲ್ಲಿ ಹೇಳಿದ್ದರು. ಅಲ್ಲಿ ಅವರದೇ ಹೊಟ್ಟೆಪಾಡು ಕೂಲಿಯ ಮೇಲೆ ನಡೆದಿತ್ತು. ಹೋದರೆ ಹುಡುಗಿ ಇಳಕಲ್ಲಿನ ಸಾಲೆ ಬಿಡಬೇಕಾಗುತ್ತಿತ್ತು.

ನಾನು ಮೊದಲು ಷರತ್ತುಗಳನ್ನು ಓದಿದೆ. ಎರಡನೆಯ ಪುಟದಲ್ಲೇ ಇತ್ತು: ಈ ವಿಮೆ ಪ್ರಧಾನ ಕಾರ್ಡುದಾರರಿಗೆ ಮಾತ್ರ, ಆಡ್-ಆನ್ ಕಾರ್ಡ್ ಹೊಂದಿದವರಿಗೆ ಅನ್ವಯಿಸದು. ಬ್ಯಾಂಕಿನ ಮೇಲಧಿಕಾರಿಗೆ ಫೋನ್ ಮಾಡಿದೆ. ಬೆಂಗಳೂರಿನ ಸೌಮ್ಯವಾದ ದನಿ.

"ಮೇಡಂ, ನಿಮ್ಮ ಭಾವನೆ ಅರ್ಥವಾಗುತ್ತೆ. ಆದರೆ ಆ ವ್ಯಕ್ತಿ ನಮ್ಮ ಕಾರ್ಡುದಾರರೇ ಅಲ್ಲ."

ವರ್ಷಗಟ್ಟಲೆ ಕಾರ್ಡ್ ಉಜ್ಜಿದವನು ಕಾರ್ಡುದಾರನಲ್ಲವೆಂದರೆ ಯಾರು ಎಂದು ಕೇಳಿದೆ. ಗ್ರಾಹಕ ವೇದಿಕೆಗೆ ಹೋಗುತ್ತೇವೆ ಎಂದೆ. ಪೂರ್ತಿ ಕೊಡಲಾಗದಿದ್ದರೆ ಅರ್ಧ ಕೊಡಿ ಎಂದೆ. ನಿರಾಕರಣೆಯನ್ನು ಬರವಣಿಗೆಯಲ್ಲಿ ಕೇಳಿದೆ, ಅದು ಬಂತು. ನಮ್ಮ ಕಡೆಯ ಒಬ್ಬ ವಕೀಲರಿಗೆ ತೋರಿಸಿದೆ. ಅವರು ಫೀ ತೆಗೆದುಕೊಳ್ಳದೆ ಕಾಗದ ವಾಪಸ್ ಕೊಟ್ಟರು. ವಕೀಲರು ಫೀ ಬೇಡ ಎಂದಾಗ ದಾವೆಯಲ್ಲಿ ಹುರುಳಿಲ್ಲ ಎಂದು ತಿಳಿಯಬೇಕು. ಒಂದು ವಾರ ಜಗಳಾಡಿ ಬ್ಯಾಂಕಿನಿಂದ ನಾನು ಕಿತ್ತದ್ದು ಆ ವರ್ಷದ ವಾರ್ಷಿಕ ಶುಲ್ಕವನ್ನು ಮಾತ್ರ.

ಕೆಟ್ಟ ಸುದ್ದಿಯನ್ನು ಫೋನಿನಲ್ಲಿ ಹೇಳಬಾರದು. ಬಸ್ ಹಿಡಿದು ಇಳಕಲ್ಲಿಗೆ ಹೋದೆ. ಮುಂದೆ ಅಂಗಡಿ, ಹಿಂದೆ ಮನೆ. ಸಂಗಪ್ಪ ಚಹಾ ತರಿಸಲು ಹೊರಟರು. ಬೇಡವೆಂದು ಮೊದಲು ವಿಷಯ ಹೇಳಿದೆ. ಅವರಿಗೆ ತಿಳಿಯಲಿಲ್ಲ. ಎರಡೂ ಕಾರ್ಡುಗಳು ನೋಡಲು ಒಂದೇ ಬಣ್ಣ, ಒಂದೇ ಹೊಳಪು. ಪ್ಲಾಟಿನಂ ಎಂದು ಎರಡರ ಮೇಲೂ ಬರೆದಿದೆಯಲ್ಲ ಎಂದು ತಮ್ಮನ ಕಾರ್ಡನ್ನು ನನ್ನ ಮುಂದೆ ಹಿಡಿದರು. ಅವರದೇ ಕಸುಬಿನ ಮಾತಿನಲ್ಲಿ ಹೇಳಬೇಕಾಯಿತು. ಗಿರಾಕಿ ಸೆರಗು ನೋಡಿ ಮರುಳಾಗುತ್ತಾನೆ, ನೀವು ಮಾತ್ರ ಒಡಲಿನ ನೂಲು ಹಿಡಿದು ದರ ಹೇಳುತ್ತೀರಿ. ಕಾರ್ಡಿನ ಹೆಸರು ಸೆರಗು, ಷರತ್ತು ಒಡಲು. ನಿಮ್ಮ ತಮ್ಮನ ಕಾರ್ಡಿಗೆ ಬರೀ ಸೆರಗಿತ್ತು.

ಅವರು ಆ ಕಾರ್ಡನ್ನು ತಿರುಗಿಸಿ ನೋಡಿದರು.

"ಅಂದ್ರ, ಅವತ್ತ ಸತ್ತಾಂವ ನಾ ಆಗಿದ್ರ ರೊಕ್ಕ ಬರ್ತಿತ್ತೇನ್ರಿ ಅಕ್ಕಾರ?"

ಬರುತ್ತಿತ್ತು. ಸುಳ್ಳು ಹೇಳಿ ಸಮಾಧಾನ ಮಾಡುವುದು ನನ್ನಿಂದ ಆಗದು. ಹೌದು ಎಂದೆ.

"ನಾ ಈ ಗಾದಿ ಬಿಟ್ಟು ಇಳಿಯಾಂವಲ್ಲ. ನನಗ ಯಾಕ ಬೇಕಾಗಿತ್ತ ಅಪಘಾತದ ವಿಮಾ?" ಎಂದವರು ತಮ್ಮ ಮೊಬೈಲ್ ತೆಗೆದು ತೋರಿಸಿದರು. ಆಡ್-ಆನ್ ಕಾರ್ಡ್ ಎಲ್ಲಿ ಉಜ್ಜಿದರೂ ಪ್ರಧಾನ ಕಾರ್ಡುದಾರರಿಗೆ ಮೆಸೇಜ್ ಹೋಗುತ್ತದೆ. ಕೊನೆಯದು ಅಮೀನಗಡದ ಪೆಟ್ರೋಲ್ ಬಂಕಿನದು. "ತಮ್ಮ ಎಲ್ಲಿ ಅದಾನ ಅಂತ ನಾ ಎಂದೂ ಫೋನ್ ಮಾಡಿ ಕೇಳಿಲ್ರಿ. ಇದಽ ಹೇಳ್ತಿತ್ತು. ಅಮೀನಗಡ ಅಂದ್ರ ಇನ್ನ ಮನಿಗೆ ಬಂದಽ ಬಿಟ್ಟ ಅಂತ ನಾ ಊಟಕ್ಕ ಕುಂತೆ."

ಬೇರೆ ದಾರಿಗಳನ್ನೆಲ್ಲ ಒಂದೊಂದಾಗಿ ಕೇಳಿದೆ. ಟ್ರ್ಯಾಕ್ಟರಿಗೆ ವಿಮೆಯೇ ಇರಲಿಲ್ಲ. ಮಾಲೀಕನ ಮೇಲೆ ಹೂಡಿದ ಪರಿಹಾರದ ದಾವೆ ಇಂದಿಗೂ ಮುಗಿದಿಲ್ಲ. ಬೈಕಿನ ವಿಮೆಯಲ್ಲಿ ಮಾಲೀಕನೇ ಓಡಿಸುತ್ತಿದ್ದರೆ ಸಿಗುವ ಒಂದು ಮೊತ್ತವಿರುತ್ತದೆ. ಆದರೆ ಬೈಕು ಅಣ್ಣನ ಹೆಸರಿನಲ್ಲಿತ್ತು. ಈರಣ್ಣನದೇ ಆದ ಬ್ಯಾಂಕ್ ಖಾತೆ, ಎಟಿಎಂ ಕಾರ್ಡ್ ಏನಾದರೂ ಉಂಟೇ ಎಂದೆ.

"ಅವಂದು ಅಂತ ಬ್ಯಾರೆ ಏನೂ ಇಲ್ರಿ," ಎಂದರು ಸಂಗಪ್ಪ.

ಒಳಬಾಗಿಲ ಹಿಂದಿನಿಂದ ಗಿರಿಜಾಳ ದನಿ ಬಂತು. "ಒಂದ ಐತ್ರಿ."

ಹುನಗುಂದದಲ್ಲಿ ಕಾಲೇಜು ಓದುವಾಗ ವಿದ್ಯಾರ್ಥಿವೇತನಕ್ಕೆಂದು ತೆರೆದ ಖಾತೆ. ಬೇರೆ ಬ್ಯಾಂಕಿನದು. ಅದಕ್ಕೆ ಬಂದ ಸಾದಾ ಡೆಬಿಟ್ ಕಾರ್ಡನ್ನು ಅವಳು ಒಳಗಿನಿಂದ ತಂದು ಕೊಟ್ಟಳು. ಅಂಚು ಸವೆದು ಅಂಕಿ ಮಾಸಿತ್ತು. ಕಾರ್ಡುಗಳ ದರ್ಜೆಯಲ್ಲಿ ಅದಕ್ಕೆ ಹೆಸರೇ ಇಲ್ಲ. ಆ ಬ್ಯಾಂಕಿನ ಅಂಥ ಕಾರ್ಡಿಗೂ ಎರಡು ಲಕ್ಷದ ಅಪಘಾತ ವಿಮೆ ಇರುವುದು ನನಗೆ ಗೊತ್ತಿತ್ತು. ಷರತ್ತು ಒಂದೇ: ಅಪಘಾತದ ಹಿಂದಿನ ಮೂವತ್ತು ದಿನಗಳೊಳಗೆ ಆ ಕಾರ್ಡನ್ನು ಒಮ್ಮೆಯಾದರೂ ಬಳಸಿರಬೇಕು. ಸುಮ್ಮನೆ ಇಟ್ಟ ಕಾರ್ಡಿಗೆ ವಿಮೆ ಇಲ್ಲ.

ಅದನ್ನು ಹೇಳಿದೊಡನೆ ಸಂಗಪ್ಪ ತಲೆಯಾಡಿಸಿದರು. ಕೈಯಲ್ಲಿ ಪ್ಲಾಟಿನಂ ಇದ್ದವನು ಈ ಹರಕು ಕಾರ್ಡನ್ನು ಯಾಕೆ ಬಳಸುತ್ತಾನೆ ಎಂದರು. ನಾನು ಗಿರಿಜಾಳ ಮುಖ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಏನೋ ಇದ್ದೂ ಬಾಯಿಬಿಡದ ಮುಖ ಹೇಗಿರುತ್ತದೆಂದು ವ್ಯಾಪಾರ ಮಾಡಿದವರಿಗೆ ಗೊತ್ತು. ಈಗ ಚಹಾ ಕುಡಿಯುತ್ತೇನೆ ಎಂದು ಅವಳ ಹಿಂದೆ ಅಡುಗೆಮನೆಗೆ ಹೋದೆ.

ಅಲ್ಲಿಯೂ ಅವಳು ಮೊದಲು ಹೇಳಲಿಲ್ಲ. ಹೇಳಿದರೆ ಭಾವನವರು ಏನು ತಿಳಿದುಕೊಳ್ಳುತ್ತಾರೆ ಎಂದಳು. ಅವರು ಏನು ತಿಳಿದುಕೊಂಡರೂ ಎರಡು ಲಕ್ಷಕ್ಕಿಂತ ಹೆಚ್ಚಿನದಲ್ಲ ಎಂದೆ. ಆಮೇಲೆ ಬಾಗಿಲ ಕಡೆ ಬೆರಳು ಮಾಡಿದಳು. ಹೊಸ್ತಿಲ ಆಚೆ ಒಂದು ಜೊತೆ ಸಣ್ಣ ಚಪ್ಪಲಿ, ಗುಲಾಬಿ ಬಣ್ಣದವು.

"ಇವ್ರು ತೀರಿಕೊಳ್ಳೂಕಿಂತ ಎಂಟ ದಿನ ಮೊದಲ ಬದಾಮಿಯಾಗ ತಗೊಂಡಿದ್ರು. ಆ ಕಾರ್ಡ್‌ಲೆ ತಗೊಂಡ್ರ ಭಾವಾರಿಗೆ ಮೆಸೇಜ್ ಬರ್ತಾವಲ್ರಿ. ಅದಕ್ಕ ಇದರಲೆ ಕೊಟ್ಟಿದ್ರು. ತವರಿಂದ ಬಂದಾವು ಅಂತ ನಾ ಮನ್ಯಾಗ ಸುಳ್ಳ ಹೇಳಿದ್ದೆ."

ಯಾಕೆ ಎಂದು ನಾನು ಕೇಳಬೇಕಾಗಿರಲಿಲ್ಲ. ಕೂಡು ಮನೆಯ ಮಕ್ಕಳಲ್ಲಿ ಒಬ್ಬರಿಗೆ ತಂದದ್ದನ್ನು ಎಲ್ಲರಿಗೂ ತರಬೇಕು. ಸಂಗಪ್ಪನವರಿಗೆ ಮೂರು ಹೆಣ್ಣುಮಕ್ಕಳು. ಹಬ್ಬಕ್ಕೆ ನಾಲ್ವರಿಗೂ ಒಂದೇ ಥಾನಿನ ಫ್ರಾಕು, ಒಂದೇ ನಮೂನೆಯ ಚಪ್ಪಲಿ. ಅಪ್ಪನೊಬ್ಬನಿಗೆ ತನ್ನ ಮಗಳಿಗೆ ಅಂತಲೇ ಏನಾದರೂ ತರಬೇಕೆಂಬ ಆಸೆ ಬಂದರೆ ಆ ಮನೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಅಂಗಡಿಕಾರರು ದೀಪಾವಳಿಗೆ ಕೈಗಿಟ್ಟ ಸಣ್ಣಪುಟ್ಟ ದುಡ್ಡನ್ನು ಈರಣ್ಣ ಆ ಹಳೆಯ ಖಾತೆಯಲ್ಲಿ ಇಡುತ್ತಿದ್ದನಂತೆ. ಅದು ಮಗಳ ಖಾತೆ ಎಂದು ಹೆಂಡತಿಗೆ ಮಾತ್ರ ಹೇಳಿದ್ದನಂತೆ.

ಮುಚ್ಚಿಡುವಂತಿರಲಿಲ್ಲ. ಏಕೆಂದರೆ ಖಾತೆ ತೆರೆದಾಗ ಈರಣ್ಣನಿಗೆ ಮದುವೆಯಾಗಿರಲಿಲ್ಲ. ನಾಮಿನಿ ಎಂದು ಬರೆಸಿದ್ದು ಅಣ್ಣನನ್ನೇ. ವಿಮೆಯ ಅರ್ಜಿಗೆ ಸಹಿ ಹಾಕಬೇಕಾದವರು ಸಂಗಪ್ಪ. ಹಣ ಬರುವುದೂ ಅವರ ಹೆಸರಿಗೆ. ನಾನು ಹೊರಗೆ ಬಂದು ಚಪ್ಪಲಿಯ ಸಂಗತಿ ಹೇಳಿದೆ.

ಸಂಗಪ್ಪ ಎದ್ದು ಹೋಗಿ ಆ ಚಪ್ಪಲಿಗಳನ್ನು ನೋಡಿದರು. ಮುಟ್ಟಲಿಲ್ಲ. ಬಾಗಿಲಲ್ಲಿ ನಿಂತ ನಾದಿನಿಯನ್ನು ನೇರ ನೋಡದೆ ಕೇಳಿದರು.

"ನನ್ನ ಕೇಳಿದ್ರ ನಾ ಬ್ಯಾಡ ಅಂತಿದ್ನೇನವಾ?"

"ಬ್ಯಾಡ ಅಂತಿದ್ದಿಲ್ರಿ ಭಾವಾರ. ನಾಕ ಜೋಡಿ ತರಸ್ತಿದ್ರಿ."

ಸಂಗಪ್ಪ ಗಾದಿಗೆ ಮರಳಿ ಕೂತು, ಮಡಿಚಿಟ್ಟ ಸೀರೆಯೊಂದನ್ನು ಬಿಚ್ಚಿ ಮತ್ತೆ ಮಡಿಚತೊಡಗಿದರು.

ನನ್ನ ಚೌಕಾಶಿ ಶುರುವಾದದ್ದು ಅಲ್ಲಿಂದ. ಅರ್ಜಿಗೆ ಸಹಿ ಹಾಕಲು ಅವರು ಒಪ್ಪಿದರು. ಆದರೆ ಬಂದ ಹಣ ಅಂಗಡಿಯ ಖಾತೆಯಲ್ಲೇ ಇರಲಿ, ಹುಡುಗಿಯ ಮದುವೆಗೆ ನಾವೇ ಹಾಕುತ್ತೇವೆ ಎಂದರು. ಮೋಸದ ಮಾತಲ್ಲ. ಮನೆಯ ದುಡ್ಡು ಮನೆಯಲ್ಲೇ ಇರಬೇಕೆಂಬ ರೂಢಿಯ ಮಾತು. ನಾಮಿನಿ ಎಂದರೆ ಹಣ ಕೈಗೆ ತೆಗೆದುಕೊಂಡು ವಾರಸುದಾರರಿಗೆ ಮುಟ್ಟಿಸುವವನು ಎಂಬ ಕಾನೂನನ್ನು ನಾನು ಹೇಳಿದೆ. ತಲೆಯಾಡಿಸಿದರು, ಒಪ್ಪಲಿಲ್ಲ. ಅಂಗಡಿಗೆ ನಾಳೆ ಬ್ಯಾಂಕಿನವರು ಬಂದು ಸಾಲಕ್ಕೆ ಖಾತೆ ಹಿಡಿದರೆ ಹುಡುಗಿಯ ಹಣವೂ ಹೋಗುತ್ತದಲ್ಲ ಎಂದೆ. ತಮಗೆ ಸಾಲವೇ ಇಲ್ಲ ಎಂದರು. ಬಳೆ ಮಾರುವಾಗ ಅಮ್ಮ ಒಂದು ಕೆಲಸ ಮಾಡುತ್ತಿದ್ದಳು: ಗಿರಾಕಿ ಹಟ ಹಿಡಿದರೆ ಮಾತು ನಿಲ್ಲಿಸಿ ಬಳೆಗಳನ್ನು ಒಂದೊಂದಾಗಿ ಒರೆಸುತ್ತ ಕೂರುತ್ತಿದ್ದಳು. ನಾನೂ ಸುಮ್ಮನೆ ಕೂತೆ. ಅವರ ಮುಂದೆ ಎರಡು ಕಾರ್ಡುಗಳಿದ್ದವು, ಹೊಳೆಯುವುದೊಂದು, ಸವೆದದ್ದೊಂದು. ನಾನು ಅವನ್ನು ಎತ್ತಿಕೊಳ್ಳದೆ ಅಲ್ಲೇ ಬಿಟ್ಟಿದ್ದೆ.

ಕೊನೆಗೆ ಅವರೇ ದರ ಹೇಳಿದರು. "ಅರ್ಧ ಆಕಿ ಹೆಸರಿಗೆ ಮಾಡೂಣ್ರಿ."

"ಸಾವಕಾರ್ರ, ಹತ್ತ ಲಕ್ಷ ಪೂರಾ ಕೊಡ್ತೇನಿ ಅಂತ ನಾಕ ಮಂದ್ಯಾಗ ಅಂದಾವ್ರು ನೀವು. ಎರಡರಾಗ ಅರ್ಧ ಮುರೀತೀರಿ?"

ಅವರ ಮುಖ ಸಣ್ಣದಾಯಿತು. ಸೀರೆಯನ್ನು ಪಕ್ಕಕ್ಕಿಟ್ಟರು. ಎಲ್ಲಿ ಸಹಿ ಎಂದರು.

ಮರುದಿನವೇ ಗಿರಿಜಾಳ ಹೆಸರಿನಲ್ಲಿ ಖಾತೆ ತೆರೆಸಿದೆ. ಹಣ ಬರುವ ಮೊದಲೇ ತೆರೆಸಬೇಕು. ಬಂದ ಮೇಲೆ ಮನಸ್ಸುಗಳು ಬದಲಾಗುತ್ತವೆ. ಎಫ್‌ಐಆರ್, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ ಎಲ್ಲ ಕೂಡಿಸಿ ಹುನಗುಂದದ ಶಾಖೆಗೆ ಕೊಟ್ಟೆವು. ವಿಮೆಯ ಕಂಪನಿ ಒಂದು ಸಲ ತಿರಸ್ಕರಿಸಿತು, ಪಂಚನಾಮೆಯಲ್ಲಿ ಬೈಕಿನ ನಂಬರಿನ ಒಂದು ಅಂಕಿ ತಪ್ಪಿತ್ತು. ಠಾಣೆಗೆ ಅಲೆದು ಅದನ್ನು ತಿದ್ದಿಸಿದೆವು. ಎರಡು ಲಕ್ಷ ಬಂದಾಗ ವರ್ಷ ತುಂಬಲು ಬಂದಿತ್ತು. ಹಣ ಬಂದ ದಿನವೇ ಸಂಗಪ್ಪ ಪೂರ್ತಿ ವರ್ಗಾಯಿಸಿದರು. ಗಿರಿಜಾ ಅದನ್ನು ಠೇವಣಿ ಇಟ್ಟು ನಾಮಿನಿಯ ಜಾಗದಲ್ಲಿ ಮಗಳ ಹೆಸರು ಬರೆಸಿದಳು.

ಇದನ್ನು ಗೆಲುವೆಂದು ಬರೆಯಲಾರೆ. ಆ ಠೇವಣಿಯ ಬಡ್ಡಿಯಲ್ಲಿ ಸಾಲೆಯ ಫೀ ಹೋಗುತ್ತದೆ, ಮನೆ ನಡೆಯುವುದಿಲ್ಲ. ಹುಡುಗಿ ಇಳಕಲ್ಲಿನಲ್ಲೇ ಓದುತ್ತಿದ್ದಾಳೆ. ಗಿರಿಜಾ ಈಗ ಅಂಗಡಿಯ ಹಿಂದೆ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಪಗಾರದ ಮಾತನ್ನು ಇನ್ನೂ ಯಾರೂ ಎತ್ತಿಲ್ಲ. ಸಂಗಪ್ಪ ಪ್ಲಾಟಿನಂ ಕಾರ್ಡ್ ಮುಚ್ಚಿಸಲು ನನ್ನ ಕಚೇರಿಗೆ ಬಂದಿದ್ದರು. ಜಮೆಯಾಗಿದ್ದ ಪಾಯಿಂಟುಗಳಿಗೆ ಒಂದು ಟ್ರಾಲಿ ಬ್ಯಾಗ್ ಬರುತ್ತದೆ, ತೆಗೆದುಕೊಳ್ಳಿ ಎಂದೆ. ಅವೆಲ್ಲ ತಮ್ಮ ತಿರುಗಿ ಗಳಿಸಿದ್ದು, ನಾ ಎಲ್ಲಿಗೆ ಹೋಗಲಿ ಎಂದರು. ಅಲ್ಲೇ ಕತ್ತರಿ ಕೇಳಿ ಕಾರ್ಡನ್ನು ತುಂಡು ಮಾಡಿದರು.

ಈಗ ನಿಮ್ಮ ಕೈಯಲ್ಲಿರುವ ಕಾರ್ಡ್ ತೆಗೆದು ನೋಡಿ. ಬೆಳ್ಳಿ, ಬಂಗಾರ, ಪ್ಲಾಟಿನಂ ಎಂಬ ಹೆಸರಿಗೆ ದುಡ್ಡು ಕೊಡಬೇಡಿ. ನೀವು ನಿಜವಾಗಿ ಬಳಸುವ ಸೌಲಭ್ಯಗಳನ್ನು ಮಾತ್ರ ಕೂಡಿಸಿ. ವಾರ್ಷಿಕ ಶುಲ್ಕಕ್ಕಿಂತ ಅವು ಕಡಿಮೆಯಾದರೆ ಕೆಳಗಿನ ದರ್ಜೆಗೆ ಇಳಿಯಿರಿ, ಅದರಲ್ಲಿ ನಾಚಿಕೆಯೇನಿಲ್ಲ. ಶುಲ್ಕ ಮಾಫಿ ಕೇಳಿ, ಎರಡು ಸಲ ಕೇಳಿ. ಎಷ್ಟೋ ಸಲ ಎರಡನೆಯ ಸಲಕ್ಕೆ ಕೊಡುತ್ತಾರೆ. ಮನೆಯಲ್ಲಿ ಹೆಚ್ಚು ತಿರುಗುವವರು ಯಾರೋ, ಪ್ರಧಾನ ಕಾರ್ಡ್ ಅವರ ಹೆಸರಿನಲ್ಲಿರಲಿ, ಅವರು ಓಡಿಸುವ ಗಾಡಿಯೂ ಅವರ ಹೆಸರಿನಲ್ಲೇ ಇರಲಿ. ಮದುವೆಯಾದ ತಿಂಗಳೇ ಬ್ಯಾಂಕಿಗೆ ಹೋಗಿ ನಾಮಿನಿಯ ಹೆಸರು ನೋಡಿ, ಬೇಕಾದರೆ ಬದಲಿಸಿ. ವಿಮೆ ಇದೆ ಎಂಬುದನ್ನು ಮನೆಯವರಿಗೆ ಬಾಯಿಬಿಟ್ಟು ಹೇಳಿ.

ಇನ್ನೊಂದು. ಬೇರೆಯವರ ಮೊಬೈಲಿಗೆ ಮೆಸೇಜ್ ಹೋಗದಂಥ, ನಿಮ್ಮದೇ ಹೆಸರಿನ ಒಂದು ಸಾದಾ ಕಾರ್ಡ್ ನಿಮ್ಮ ಬಳಿ ಇರಲಿ. ತಿಂಗಳಿಗೊಮ್ಮೆ ಅದರಿಂದ ಏನಾದರೂ ಕೊಳ್ಳಿ. ಏನು ಕೊಳ್ಳಬೇಕೆಂದು ತೋಚದಿದ್ದರೆ ಮಗುವಿಗೆ ಒಂದು ಜೊತೆ ಚಪ್ಪಲಿ ಕೊಳ್ಳಿ.